ಕೈಗುಣ ಅಂದು ಸುಮ್ಮನಾದೆವು

ಕಳೆದ ಚಳಿಗಾಲದ ಒಂದು ರಾತ್ರಿ ಪಾಳಿಯಲ್ಲಿ ನಡೆದದ್ದು. ನಾನು ಇರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಫಾಕ್ಸ್ ನದಿಯ ಕಡೆ. ಪಾಲಿಮರ್ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ. ನಾವು ಮಾಡುವ ರೆಸಿನ್ನುಗಳನ್ನು, ಅಂದರೆ ಅಂಟಿನಂಥ ಪಾಲಿಮರ್‌ಗಳನ್ನು, ಟಿಶ್ಯೂ ಕಾಗದದ ಮಿಲ್ಲುಗಳಿಗೆ ಒಯ್ದು, ಯಂತ್ರ ಓಡುತ್ತಿರುವಾಗಲೇ ಪ್ರಯೋಗ ಮಾಡಿ ನೋಡುತ್ತೇವೆ. ಅವತ್ತು ಹಾಳೆ ಅಂಚಿನಲ್ಲೇ ಪದೇ ಪದೇ ಹರಿಯುತ್ತಿತ್ತು. ಹಾಳೆ ಹಾಗೆ ಹರಿಯುವುದಕ್ಕೆ ಬ್ರೇಕ್ ಅನ್ನುತ್ತೇವೆ. ಮೂರನೇ ಸಲ ಬ್ರೇಕ್ ಆದಾಗ ಪಕ್ಕದಲ್ಲಿದ್ದ ಹಿರಿಯ ಆಪರೇಟರ್‌ಗೆ, "ಸಿಂಪಡಿಸೋ ಸಾಲಿನ ಕೊನೆಯ ನಾಝಲ್ ಸ್ವಲ್ಪ ಓರೆ ಮಾಡಿ ನೋಡೋಣವಾ?" ಅಂದೆ.

ಓರೆ ಮಾಡಿದೆವು. ಬ್ರೇಕ್ ಕಡಿಮೆಯಾಯಿತು. ನಾನು ಅದನ್ನು ಅಲ್ಲಿಗೇ ಬಿಟ್ಟಿದ್ದೆ. ಅವರು ಬಿಡಲಿಲ್ಲ. ಪಾಳಿ ಮುಗಿಯುವ ಹೊತ್ತಿಗೆ ನನ್ನ ನೋಟ್‌ಬುಕ್ ತಂದು ಎದುರಿಗಿಟ್ಟು, "ಇದನ್ನ ಬರೆದ್ಯಾ?" ಅಂತ ಕೇಳಿದರು. ಇಷ್ಟು ಸಣ್ಣದಕ್ಕೆ ಏನು ಬರೆಯೋದು ಅಂದೆ. "ಬರಿ. ತಾರೀಖು ಹಾಕು. ಎಲ್ಲಿಂದ ಹೊಳೀತು ಅನ್ನೋದನ್ನೂ ಬರಿ."

ಎಲ್ಲಿಂದ ಹೊಳೆಯಿತು? ಪೆನ್ನು ಹಿಡಿದು ಎರಡು ನಿಮಿಷ ಸುಮ್ನೆ ಕೂತೆ. ಆಮೇಲೆ ನನ್ನಪ್ಪನ ಹೆಸರು ಬರೆದೆ. ಆಪರೇಟರ್ ನಿಧಾನವಾಗಿ ಓದಿದರು. 'ಓದಿ ಅರ್ಥ ಮಾಡಿಕೊಂಡಿದ್ದೇನೆ' ಅಂತ ಕೆಳಗೆ ಬರೆದು, ಸಹಿ ಹಾಕಿ, ತಾರೀಖು ಬರೆದರು. ಇಲ್ಲಿ ನೋಟ್‌ಬುಕ್ಕಿನ ಪುಟಕ್ಕೆ ಎರಡು ಸಹಿ. ಬರೆದವನದು ಒಂದು, ಓದಿದವನದು ಒಂದು.

ಹೊರಗೆ ಬಂದು ಕಾರಿನಲ್ಲಿ ಕೂತವನು ತುಂಬ ಹೊತ್ತು ಗಾಡಿ ಸ್ಟಾರ್ಟ್ ಮಾಡಲಿಲ್ಲ.

ಅಪ್ಪ ಮೂವತ್ತೊಂದು ವರ್ಷ ದುಡಿದದ್ದು ನಮ್ಮ ಕಡೆಯ ಒಂದು ಸಣ್ಣ ಪೇಪರ್ ಮಿಲ್ಲಿನಲ್ಲಿ. ಭದ್ರಾವತಿಯದೂ ಅಲ್ಲ, ದಾಂಡೇಲಿಯದೂ ಅಲ್ಲ. ಹೆಸರು ಬೇಡ, ಈಗ ಆ ಮಿಲ್ಲೇ ಇಲ್ಲ. ಅಲ್ಲಿ ಒಂದು ಎಂಜಿ ಮೆಷಿನ್ ಇತ್ತು. ಒಂದು ಮಗ್ಗುಲು ಮಾತ್ರ ಹೊಳೆಯುವ ತೆಳು ಕಾಗದ ಅದರಲ್ಲಿ ಬರುತ್ತಿತ್ತು. ಒಳಗೆ ಸ್ಟೀಮ್ ತುಂಬಿದ ಒಂದೇ ಒಂದು ದೊಡ್ಡ ಸಿಲಿಂಡರ್, ಅದಕ್ಕೆ ಮೆತ್ತಿಕೊಂಡು ಒಣಗುವ ಹಾಳೆ. ಹಾಳೆಯ ಯಾವ ಅಂಚು ಹಸಿ ಇದೆ ಅಂತ ಅಪ್ಪ ಅಂಗೈ ಹತ್ತಿರ ಹಿಡಿದೇ ಹೇಳುತ್ತಿದ್ದರು. ನೀರು ಹೊರಗೆಳೆಯುವ ಸೈಫನ್ ಕೊಳವೆ ಕೆಟ್ಟು ಸಿಲಿಂಡರ್ ಒಳಗೆ ನೀರು ನಿಂತರೆ ಅದು ಅವರಿಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

ಮಳೆಗಾಲದಲ್ಲಿ ಆ ಮೆಷಿನ್‌ಗೆ ಒಂದು ಕಾಟ ಇತ್ತು. ಹಾಳೆಯನ್ನು ಹೊತ್ತು ತರುವ ಫೆಲ್ಟ್ ಬಟ್ಟೆಯ ಅಂಚಿನಲ್ಲಿ ಸಣ್ಣ ನಾರು, ಮಣ್ಣು ಸೇರಿ ಮುಚ್ಚಿಕೊಳ್ಳುತ್ತಿತ್ತು. ಅಲ್ಲಿ ನೀರು ಇಳಿಯದೆ ಹಾಳೆ ಹರಿಯುತ್ತಿತ್ತು. ಅಪ್ಪ ಸ್ಕ್ರ್ಯಾಪಿನಿಂದ ಒಂದು ಗೇಣುದ್ದದ ಪೈಪು ಆರಿಸಿಕೊಂಡು, ಸಾಲಾಗಿ ತೂತು ಕೊರೆದು, ನೀರಿನ ಲೈನಿಗೆ ಸೇರಿಸಿ ಫೆಲ್ಟಿನ ಅಂಚಿಗೆ ಕಟ್ಟಿದರು. ನೇರವಾಗಿ ಅಲ್ಲ, ಓರೆಯಾಗಿ. ನೇರ ಹೊಡೆದರೆ ಕೊಳೆ ಒಳಕ್ಕೇ ಹೋಗುತ್ತದೆ, ಓರೆ ಹೊಡೆದರೆ ಹೊರಗೆ ಬರುತ್ತದೆ ಅನ್ನುವುದು ಅವರ ಲೆಕ್ಕ. ಆ ಮಳೆಗಾಲ ಮೆಷಿನ್ ಚೆನ್ನಾಗಿ ಓಡಿತು.

ಆಗ ಮಿಲ್ಲಿನಲ್ಲಿ ಎಲ್ಲರೂ ಏನಂದರು ಗೊತ್ತಾ? "ಅವರ ಕೈಗುಣ ಬಿಡಿ." ಮೆಚ್ಚಿಯೇ ಅಂದದ್ದು. ಅಪ್ಪನಿಗೂ ಖುಷಿಯಾಗಿತ್ತು. ಆದರೆ ಇಷ್ಟು ವರ್ಷ ಆದಮೇಲೆ ನನಗೆ ಆ ಮಾತಿನ ಮೇಲೇ ಸಿಟ್ಟು ಬರುತ್ತದೆ. ಕೈಗುಣ ಅಂದಮೇಲೆ ಮುಗಿಯಿತು. ಹೇಗೆ ಮಾಡಿದೆ, ಎಷ್ಟು ಓರೆ, ತೂತು ಎಷ್ಟು ದಪ್ಪ ಅಂತ ಯಾರೂ ಕೇಳುವುದಿಲ್ಲ. ಮಿಲ್ಲಿನಲ್ಲಿ ಲಾಗ್‌ಬುಕ್ ಇತ್ತು. ಎಷ್ಟು ಟನ್, ಎಷ್ಟು ಬ್ರೇಕ್, ಯಾರ ರಜೆ, ಎಲ್ಲಕ್ಕೂ ಕಾಲಮ್ ಇತ್ತು. ಹೇಗೆ ಸರಿ ಹೋಯಿತು ಅನ್ನುವುದಕ್ಕೆ ಕಾಲಮ್ ಇರಲಿಲ್ಲ.

ಅಪ್ಪ ರಿಟೈರ್ ಆದ ವರ್ಷ ಮೆಷಿನ್ ರಿಪೇರಿಗೆ ನಿಲ್ಲಿಸಿದರು. ಆ ಪೈಪು ಯಾವ ಡ್ರಾಯಿಂಗಿನಲ್ಲೂ ಇಲ್ಲವಲ್ಲ, ಬಿಚ್ಚಿ ಸ್ಕ್ರ್ಯಾಪಿಗೆ ಹಾಕಿದರು. ಮುಂದಿನ ಮಳೆಗಾಲ ಬ್ರೇಕ್ ಶುರು. ಒಂದು ಸಂಜೆ ಮಿಲ್ಲಿನಿಂದ ಇಬ್ಬರು ಹುಡುಗರು ಮನೆಗೆ ಬಂದರು. ಅಪ್ಪ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಪೈಪಿನ ಚಿತ್ರ ಬರೆದು ಕೊಟ್ಟರು. ಆ ಹಾಳೆ ಆಮೇಲೆ ಎಲ್ಲಿ ಹೋಯಿತೋ.

ಇಲ್ಲಿ ಅದೇ ಸಿಲಿಂಡರ್‌ಗೆ ಯಾಂಕಿ ಡ್ರೈಯರ್ ಅನ್ನುತ್ತಾರೆ. ಗಾತ್ರ ಮಾತ್ರ ಬೇರೆ. 18 ಅಡಿ ಅಡ್ಡಳತೆಯದು ಮಾಮೂಲಿ. ಮೊದಲ ಸಲ ಅದರ ಪಕ್ಕ ನಿಂತಾಗ ಅಪ್ಪ ನೋಡಬೇಕಿತ್ತು ಅನ್ನಿಸಿತು. ಜೋರಾಗಿ ಓಡುವ ಟಿಶ್ಯೂ ಮೆಷಿನ್‌ನಲ್ಲಿ ಹಾಳೆ ನಿಮಿಷಕ್ಕೆ 2000 ಮೀಟರ್ ಹೋಗುತ್ತದೆ. ಅಂದರೆ ಆ ಡ್ರೈಯರ್ ಒಂದು ಸುತ್ತು ಬರಲು ಅರ್ಧ ಸೆಕೆಂಡು ಸಾಕು. ಅಷ್ಟರೊಳಗೆ ಒದ್ದೆ ಹಾಳೆ ಒಣಗಬೇಕು. ಡ್ರೈಯರ್ ಮೈಮೇಲೆ ಸಿಂಪಡಿಸಿದ ತೆಳುವಾದ ಪಾಲಿಮರ್ ಅಂಟು ಅದನ್ನು ಹಿಡಿದುಕೊಂಡಿರುತ್ತದೆ. ಕೊನೆಗೆ ಡಾಕ್ಟರ್ ಬ್ಲೇಡ್ ಅನ್ನುವ ಪಟ್ಟಿಗೆ ಹಾಳೆ ಡಿಕ್ಕಿ ಹೊಡೆದು, ಸಣ್ಣ ಸಣ್ಣ ನೆರಿಗೆ ಬಿದ್ದು ಈಚೆ ಬರುತ್ತದೆ. ಟಿಶ್ಯೂ ಮೆತ್ತಗಿರುವುದರಲ್ಲಿ ಆ ನೆರಿಗೆಗಳ ಪಾಲು ದೊಡ್ಡದು. ಅಂಟು ಜಾಸ್ತಿಯಾದರೆ ಹಾಳೆ ಹರಿಯುತ್ತದೆ, ಕಡಿಮೆಯಾದರೆ ನೆರಿಗೆ ಬೀಳುವುದಿಲ್ಲ. ನನ್ನ ಅನ್ನ ಇರುವುದು ಈ ಹದದಲ್ಲಿ.

ಈ ಹದ ಇಲ್ಲಿ ಕೈಗುಣವಾಗಿ ಉಳಿಯಲಿಲ್ಲ. ಕಾಗದಕ್ಕೆ ಬಂತು.

ಒದ್ದೆಯಾದರೂ ಹರಿಯದ ಪೇಪರ್ ಟವಲನ್ನೇ ತೆಗೆದುಕೊಳ್ಳಿ. ಸಾಮಾನ್ಯ ಕಾಗದ ಪೂರ್ತಿ ನೆಂದರೆ ಅದರ ಬಲದಲ್ಲಿ ಹತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಅದಕ್ಕೆ ಮೊದಲು ಯೂರಿಯಾ ಫಾರ್ಮಾಲ್ಡಿಹೈಡ್, ಮೆಲಮೈನ್ ಫಾರ್ಮಾಲ್ಡಿಹೈಡ್ ರೆಸಿನ್ ಹಾಕುತ್ತಿದ್ದರು. ಅವು ಕೆಲಸ ಮಾಡಲು ಆಸಿಡ್ ಬೇಕು. ಆಸಿಡ್‌ನಿಂದ ಯಂತ್ರ ತುಕ್ಕು, ಕಾಗದ ಪೆಡಸು. ಹರ್ಕ್ಯುಲಸ್ ಪೌಡರ್ ಕಂಪನಿಯ ಜೆರಾಲ್ಡ್ ಕೀಮ್ ಅನ್ನುವವರು ಆಸಿಡ್ ಇಲ್ಲದೆಯೇ ನಾರಿಗೆ ಅಂಟುವ ಇನ್ನೊಂದು ರೆಸಿನ್ ಮಾಡಿದರು. ಪಾಲಿಅಮೈಡ್ ಅನ್ನುವ ಪಾಲಿಮರ್‌ಗೆ ಎಪಿಕ್ಲೋರೊಹೈಡ್ರಿನ್ ಅನ್ನುವ ರಾಸಾಯನಿಕ ಸೇರಿಸಿದ್ದು ಅದು. ನಾರಿನ ಮೇಲೆ ಋಣ ವಿದ್ಯುತ್ತು, ರೆಸಿನ್ನಿಗೆ ಧನ ವಿದ್ಯುತ್ತು. ತಾನಾಗಿ ಹೋಗಿ ಕೂರುತ್ತದೆ. ಒಣಗುವಾಗ ಒಳಗೊಳಗೇ ಕೊಂಡಿ ಹಾಕಿಕೊಂಡು ಬಲೆಯಾಗುತ್ತದೆ. 1960ರಲ್ಲಿ ಪೇಟೆಂಟ್ ಬಂತು. ಇವತ್ತಿಗೂ ಪೇಪರ್ ಟವಲುಗಳಲ್ಲಿ ಇರುವುದು ಹೆಚ್ಚಾಗಿ ಅದೇ ಜಾತಿಯ ರೆಸಿನ್.

ನನಗೆ ಇನ್ನೂ ಇಷ್ಟವಾದದ್ದು 1967ರ ಒಂದು ಪೇಟೆಂಟ್, ನಂಬರ್ 3301746. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನ ಲಾರೆನ್ಸ್ ಸ್ಯಾನ್‌ಫರ್ಡ್, ಜೇಮ್ಸ್ ಸಿಸನ್ ಇಬ್ಬರ ಹೆಸರಿದೆ. ಅಲ್ಲಿಯವರೆಗೆ ಒದ್ದೆ ಹಾಳೆಯನ್ನು ರೋಲರ್ ನಡುವೆ ಹಿಂಡಿ ನೀರು ತೆಗೆಯುತ್ತಿದ್ದರು. ಹಿಂಡಿದರೆ ಹಾಳೆ ಚಪ್ಪಟೆ. ಇವರು ಹಾಳೆಯನ್ನೆಲ್ಲ ಹಿಂಡುವ ಬದಲು ಬಿಸಿ ಗಾಳಿಯನ್ನು ಅದರ ಮೂಲಕವೇ ಹಾಯಿಸಿದರು. ನಾರುಗಳ ನಡುವಿನ ಜಾಗ ಹಾಗೇ ಉಳಿಯಿತು, ಹಾಳೆ ಉಬ್ಬಿಕೊಂಡಿತು, ನೀರು ಹೀರುವುದೂ ಜಾಸ್ತಿಯಾಯಿತು. ಮುಂದೆ 1985ರಲ್ಲಿ ಅದೇ ಕಂಪನಿಯ ಪಾಲ್ ಟ್ರೋಖಾನ್ ಇನ್ನೊಂದು ಹೆಜ್ಜೆ ಇಟ್ಟರು. ನೆಯ್ದ ಬೆಲ್ಟಿನ ಮೇಲೆ ದ್ರವರೂಪದ ಪಾಲಿಮರ್ ರೆಸಿನ್ ಹರಡಿ, ಚಿತ್ತಾರದ ಮುಸುಕಿನ ಮೂಲಕ ಅತಿನೇರಳೆ ಬೆಳಕು ಬಿಡುವುದು. ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ. ಬೀಳದ ಕಡೆಯದನ್ನು ತೊಳೆದುಬಿಟ್ಟರೆ ಬೇಕಾದ ಆಕಾರದ ತೂತುಗಳು. ಕಾಗದದ ನಾರು ಆ ತೂತುಗಳೊಳಗೆ ಇಳಿದು ಉಬ್ಬು ಉಬ್ಬಾಗುತ್ತದೆ. ಟಿಶ್ಯೂ ಮೇಲಿನ ಆ ಉಬ್ಬು ಬರೀ ಅಂದಕ್ಕೆ ಅಂತ ನಾನು ಎಷ್ಟು ವರ್ಷ ಅಂದುಕೊಂಡಿದ್ದೆ!

ಇದನ್ನೆಲ್ಲ ನನಗೆ ಯಾರೂ ಗುಟ್ಟಾಗಿ ಹೇಳಿಕೊಟ್ಟಿಲ್ಲ. ಪೇಟೆಂಟ್ ಯಾರು ಬೇಕಾದರೂ ಓದಬಹುದು, ದುಡ್ಡಿಲ್ಲ. ಅದರಲ್ಲಿ ಚಿತ್ರ ಇದೆ, ಅಳತೆ ಇದೆ, ಮಾಡಿದವರ ಹೆಸರಿದೆ. ಆಪಲ್ಟನ್ ಊರಿನಲ್ಲಿ ಹಳೇ ಅಟ್ಲಾಸ್ ಮಿಲ್ಲಿನ ಕಟ್ಟಡವನ್ನು ಕಾಗದದ ಮ್ಯೂಸಿಯಂ ಮಾಡಿದ್ದರು. ಈ ಕಸುಬಿನ ದೊಡ್ಡವರ ನೆನಪನ್ನು ಅಲ್ಲಿ ಇಟ್ಟಿದ್ದರು. ಅದೇ ಊರಿನಲ್ಲಿ 1929ರಲ್ಲೇ ಕಾಗದದ ರಸಾಯನಶಾಸ್ತ್ರ ಕಲಿಸಲೆಂದೇ ಒಂದು ಸಂಸ್ಥೆ ಶುರುವಾಗಿತ್ತು. ನಾವು? ಆಯುಧಪೂಜೆ ದಿನ ಮೆಷಿನ್‌ಗೆ ಕುಂಕುಮ ಇಟ್ಟು ಹಾರ ಹಾಕಿ ಕೈ ಮುಗಿದೆವು. ಅದನ್ನು ಓಡಿಸಿದವನ ತಲೆಯಲ್ಲಿ ಏನಿತ್ತು ಅಂತ ಒಂದು ಸಾಲು ಬರೆದುಕೊಳ್ಳಲಿಲ್ಲ.

ಒಂದು ಸಾಲಿನಿಂದ ಏನಾಗುತ್ತದೆ ಅನ್ನುವುದಕ್ಕೆ ಪಾಲಿಥೀನ್ ಸಾಕು. 1933ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ವಿನಿಂಗ್ಟನ್‌ನಲ್ಲಿ, ಐಸಿಐ ಕಂಪನಿಯ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಥಿಲೀನ್ ಅನಿಲವನ್ನು ಬೇರೊಂದು ವಸ್ತುವಿನ ಜೊತೆ ಸೇರಿಸಿ ಭಾರೀ ಒತ್ತಡದಲ್ಲಿ ಕಾಯಿಸಿದ್ದರು. ಅಂದುಕೊಂಡದ್ದು ಆಗಲಿಲ್ಲ. ಕೊಳವೆಯಲ್ಲಿ ಮೇಣದಂತಹ ಗಟ್ಟಿ ವಸ್ತು ಸಿಕ್ಕಿತು ಅಂತ ಗಿಬ್ಸನ್ ನೋಟ್‌ಬುಕ್ಕಿನಲ್ಲಿ ಗೀಚಿಟ್ಟರು. ಅಷ್ಟೇ. ಆಮೇಲೆ ಮಾಡಲು ಹೋದರೆ ಸ್ಫೋಟ. ಕೆಲಸ ನಿಂತಿತು. 1935ರಲ್ಲಿ ಬೇರೆಯವರು ಮತ್ತೆ ಕೈಹಾಕಿ, ಅನಿಲದೊಳಗೆ ಸೇರಿದ್ದ ಚೂರು ಆಮ್ಲಜನಕವೇ ಇದಕ್ಕೆ ಕಾರಣ ಅಂತ ಕಂಡುಕೊಂಡರು. ಕೈಹಾಕಲು ಅವರಿಗೆ ಒಂದು ಬರಹ ಇತ್ತಲ್ಲ. ಗಿಬ್ಸನ್ ಆ ಕೊಳವೆಯನ್ನು ತೊಳೆದಿಟ್ಟು ಮನೆಗೆ ಹೋಗಿದ್ದರೆ?

ನಮ್ಮ ಮಿಲ್ಲುಗಳಲ್ಲಿ ಎಷ್ಟು ಕೊಳವೆ ತೊಳೆದಿಟ್ಟಿರಬಹುದು ಅಂತ ಯೋಚಿಸಿದರೆ ನಿದ್ದೆ ಬರುವುದಿಲ್ಲ.

ಇಷ್ಟು ಬರೆದ ಮೇಲೆ ಇನ್ನೊಂದು ಕಡೆಯದನ್ನೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ನಾನು ದಿನಾ ದಾಟುವ ಈ ಫಾಕ್ಸ್ ನದಿಯ ಕೆಳಭಾಗಕ್ಕೆ 1954ರಿಂದ 1971ರವರೆಗೆ ಪಿಸಿಬಿ ವಿಷ ಹರಿದಿದೆ. ಕಾರ್ಬನ್ ಹಾಳೆ ಇಲ್ಲದೆ ನಕಲು ಮೂಡುವ ಕಾಗದ ಇತ್ತಲ್ಲ, ಅದೂ ಒಂದು ಮೆಚ್ಚುವಂಥ ಶೋಧವೇ. ಕಣ್ಣಿಗೆ ಕಾಣದ ಜೆಲಟಿನ್ ಗುಳಿಗೆಗಳೊಳಗೆ ಬಣ್ಣ ತುಂಬಿದ್ದರು. ಆ ಬಣ್ಣ ಕರಗಿಸಲು ಬಳಸಿದ್ದು ಪಿಸಿಬಿ. ನದಿಯ ತಳದ ಕೆಸರು ತೆಗೆದು ಮುಗಿಸಿದ್ದು 2020ರಲ್ಲಿ. ಎಲ್ಲವನ್ನೂ ಬರೆದಿಡುವ ಊರು ಇದು. ಆದರೂ ಹಾಗಾಯಿತು. ಬಿಸಿ ಗಾಳಿಯ ಡ್ರೈಯರ್ ಹಿಂಡುವ ಯಂತ್ರಕ್ಕಿಂತ ತುಂಬ ಜಾಸ್ತಿ ಶಕ್ತಿ ತಿನ್ನುತ್ತದೆ. ಕೀಮ್ ಅವರ ರೆಸಿನ್ ಹಾಕಿದ ಕಾಗದವನ್ನು ಮತ್ತೆ ಪಲ್ಪ್ ಮಾಡುವುದು ಕಷ್ಟ. ಅದರ ಬಲವೇ ಅಲ್ಲಿ ಅಡ್ಡ ಬರುತ್ತದೆ.

ಪೇಟೆಂಟಿನಲ್ಲಿ ಹೆಸರು ಮನುಷ್ಯನದ್ದಾದರೂ ಹಕ್ಕು ಕಂಪನಿಯದ್ದು. ನಾನು ಸೇರಿದ ದಿನವೇ ಹಾಗಂತ ಬರೆದುಕೊಟ್ಟಿದ್ದೇನೆ. ಪ್ರಕಟವಾಗುವವರೆಗೆ ಬಾಯಿ ಬಿಡುವ ಹಾಗಿಲ್ಲ. ಅರ್ಜಿ ಹಾಕಿದ ಮೇಲೆ 18 ತಿಂಗಳು. ಆ ಇಬ್ಬರು ಹುಡುಗರು ಬಾಗಿಲಿಗೆ ಬಂದ ಸಂಜೆ ಅಪ್ಪ ಯಾರ ಸಹಿಯನ್ನೂ ಕೇಳಲಿಲ್ಲ. ಬೇರೆ ಮಿಲ್ಲಿನವರು ಬಂದಿದ್ದರೂ ಚಿತ್ರ ಬರೆದು ಕೊಡುತ್ತಿದ್ದರು. ಇದನ್ನು ಇಷ್ಟು ದಿನ ನಾನು ಬೋಳೆತನ ಅಂದುಕೊಂಡಿದ್ದೆ. ಈಗ ಹಾಗೆ ಹೇಳಲು ನಾಲಗೆ ಏಳುವುದಿಲ್ಲ.

ಆ ರಾತ್ರಿಯ ಮಾರನೇ ದಿನ ಮನೆಗೆ ಫೋನ್ ಮಾಡಿ, ನೋಟ್‌ಬುಕ್ಕಿನಲ್ಲಿ ಅವರ ಹೆಸರು ಬರೆದದ್ದು ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊದಲು ಕೇಳಿದ್ದೇ, "ಎಷ್ಟು ಓರೆ ಇಟ್ರಿ?" ಹೇಳಿದೆ. "ಹಾಂ, ಅಷ್ಟು ಸಾಕು" ಅಂದರು. ಅಂಟು ಎಂಥದ್ದು, ಯಾವುದರಿಂದ ಮಾಡಿದ್ದು ಅಂತ ಕೇಳಿದರು. ಅದನ್ನ ಹೇಳೋ ಹಾಗಿಲ್ಲ ಅಪ್ಪ ಅಂದೆ.

"ಹೋಗ್ಲಿ ಬಿಡು ಮಗಾ. ಆ ಪುಟದ್ದೊಂದು ಫೋಟೋ ಕಳ್ಸು. ನಿಮ್ಮಮ್ಮ ನೋಡ್ಬೇಕಂತೆ."

ಆ ಪುಟದಲ್ಲಿ ಅಪ್ಪನ ಹೆಸರಿನ ಮೇಲಿನ ನಾಲ್ಕು ಸಾಲು ಪೂರಾ ರೆಸಿನ್ನಿನ ವಿಷಯ. ನೋಟ್‌ಬುಕ್ ಆಫೀಸಿನ ಬೀರುವಿನಲ್ಲಿದೆ. ಅಪ್ಪ ಎರಡು ಸಲ ಕೇಳಿದ್ದಾರೆ. ನಾನಿನ್ನೂ ಕಳಿಸಿಲ್ಲ.