ಚಿಕ್ಕ ಮಕ್ಕಳ ಜೊತೆ ದಕ್ಷಿಣ ಆಫ್ರಿಕಾ: ಅರ್ಧ ನೋಡಿ, ಸಾಕು

ಗೆಳತಿಯೊಬ್ಬಳಿಗೆ ಟ್ರಾವೆಲ್ ಏಜೆಂಟ್ ಕಳಿಸಿದ ಪ್ಲಾನ್ ನೋಡಿದ ಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ. ಜೋಹಾನ್ಸ್‌ಬರ್ಗ್, ಸನ್ ಸಿಟಿ ರೆಸಾರ್ಟ್, ಕ್ರೂಗರ್ ರಾಷ್ಟ್ರೀಯ ಉದ್ಯಾನ, ಮಧ್ಯದಲ್ಲಿ ಜಿಂಬಾಬ್ವೆಗೆ ಹಾರಿ ವಿಕ್ಟೋರಿಯಾ ಜಲಪಾತ, ಕೊನೆಗೆ ಕೇಪ್‌ಟೌನ್. ಒಂದೊಂದು ಕಡೆ ಎರಡೆರಡು ರಾತ್ರಿ. ಅವಳ ಮಕ್ಕಳಿಗೆ ಮೂರು ಮತ್ತು ಆರು ವರ್ಷ. ಆ ಮಕ್ಕಳು ನಿದ್ದೆ ಮಾಡೋದು ಯಾವಾಗ, ಹಟ ಮಾಡೋದು ಯಾವಾಗ, ಸುಮ್ಮನೆ ಮಣ್ಣಲ್ಲಿ ಕೂತು ಆಡೋದು ಯಾವಾಗ ಅಂತ ಪ್ಲಾನ್ ಮಾಡಿದವರಿಗೆ ಹೊಳೆದೇ ಇಲ್ಲ.

ದಕ್ಷಿಣ ಆಫ್ರಿಕಾ ಒಂದೇ ದೇಶದೊಳಗೆ ಆರು ಕರ್ನಾಟಕ ಹಿಡಿಸುತ್ತದೆ. ಕೇಪ್‌ಟೌನಿನಿಂದ ಕ್ರೂಗರ್‌ಗೆ ರಸ್ತೆಯಲ್ಲಿ 1,700 ಕಿ.ಮೀ.ಗೂ ಹೆಚ್ಚು. ನಮೀಬಿಯಾ, ಬೋಟ್ಸ್‌ವಾನಾ ಸೇರಿಸಿಕೊಂಡರಂತೂ ಮುಗಿದೇ ಹೋಯಿತು. ನನ್ನ ಮಾತು ಇಷ್ಟೇ: ಮಕ್ಕಳು ಚಿಕ್ಕವರಿದ್ದಾಗ ಒಂದು ಮೂಲೆ ಆರಿಸಿಕೊಳ್ಳಿ. ಆ ಮೂಲೆ ಮಲೇರಿಯಾ ಇಲ್ಲದ ಮೂಲೆಯಾಗಿರಲಿ.

ಮಲೇರಿಯಾ ವಿಷಯದಲ್ಲಿ ನಮ್ಮವರು ತೋರಿಸುವ ಉಡಾಫೆ ನನಗೆ ಅರ್ಥವೇ ಆಗುವುದಿಲ್ಲ. 'ನಮ್ಮ ಊರಲ್ಲಿ ಇಲ್ಲದ ಸೊಳ್ಳೆನಾ' ಅಂತಾರೆ. ಅಲ್ಲಿನ ಮಲೇರಿಯಾ ಬಹುತೇಕ ಫಾಲ್ಸಿಪಾರಂ ಅನ್ನೋ ಪರೋಪಜೀವಿಯಿಂದ ಬರುವುದು, ಚಿಕ್ಕ ಮಕ್ಕಳಲ್ಲಿ ಬಹಳ ಬೇಗ ವಿಷಮಕ್ಕೆ ತಿರುಗುವಂಥದ್ದು. ಕ್ರೂಗರ್, ವಿಕ್ಟೋರಿಯಾ ಜಲಪಾತ, ಬೋಟ್ಸ್‌ವಾನಾದ ಚೋಬೆ ಉದ್ಯಾನ, ಮೂರೂ ಮಲೇರಿಯಾ ವಲಯದಲ್ಲಿವೆ. ಜೂನ್‌ನಿಂದ ಆಗಸ್ಟ್‌ವರೆಗಿನ ಒಣ ಚಳಿಗಾಲದಲ್ಲಿ ಅಪಾಯ ಕಡಿಮೆ, ನಿಜ. ಆದರೆ ಆಗ ನಮ್ಮ ಮಕ್ಕಳಿಗೆ ಸ್ಕೂಲು ಶುರುವಾಗಿರುತ್ತದೆ. ನಮಗೆ ರಜೆ ಸಿಗುವ ದಸರೆಯ ಹೊತ್ತಿಗೆ ಅಲ್ಲಿ ಬಿಸಿಲೇರಿ ಮಳೆಗಾಲ ಹತ್ತಿರ ಬಂದಿರುತ್ತದೆ. ಮೂರು ವರ್ಷದ ಮಗುವಿಗೆ ಮಲೇರಿಯಾ ತಡೆಯುವ ಕಹಿ ಮಾತ್ರೆ ಪುಡಿ ಮಾಡಿ, ಜಾಮಿನಲ್ಲಿ ಬೆರೆಸಿ, ಉಗುಳಿದರೆ ಮತ್ತೆ ಕೊಟ್ಟು, ಊರಿಗೆ ಬಂದ ಮೇಲೂ ಮುಂದುವರಿಸುವುದು ಯಾವ ಸೀಮೆ ರಜೆ ಸ್ವಾಮಿ? ಹೋಗಲೇಬೇಕು ಅಂತಿದ್ದರೆ ಮೊದಲೇ ಮಕ್ಕಳ ಡಾಕ್ಟರನ್ನು ಕೇಳಿ. ವಾಟ್ಸಾಪ್ ಗುಂಪನ್ನಲ್ಲ.

ಮಲೇರಿಯಾ ಇಲ್ಲದ ಕಾಡುಗಳೂ ಅಲ್ಲಿ ಬೇಕಾದಷ್ಟಿವೆ. ಜೋಹಾನ್ಸ್‌ಬರ್ಗಿನಿಂದ ಎರಡು-ಎರಡೂವರೆ ಗಂಟೆ ದೂರದಲ್ಲಿ ಪಿಲಾನೆಸ್‌ಬರ್ಗ್, ಹಳೇ ಜ್ವಾಲಾಮುಖಿಯೊಂದರ ಬಾಯೊಳಗಿನ ಕಾಡು. ಬೋಟ್ಸ್‌ವಾನಾ ಗಡಿಯಲ್ಲಿ ಮಡಿಕ್ವೆ, ಜೇಬು ಗಟ್ಟಿ ಇದ್ದವರಿಗೆ. ನನ್ನ ಓಟು ಮಾತ್ರ ಪೋರ್ಟ್ ಎಲಿಜಬೆತ್ ಹತ್ತಿರದ ಆಡೊ ಆನೆ ಉದ್ಯಾನಕ್ಕೆ. ಆ ಊರಿಗೆ 2021ರಿಂದ ಗ್ಕೆಬೆರ್ಹಾ ಅಂತ ಹೆಸರು. ಮೊದಲಕ್ಷರವನ್ನು ನಾಲಿಗೆ ಲೊಟ್ಟೆ ಹೊಡೆದು ಹೇಳಬೇಕು, ನಮ್ಮ ಮಕ್ಕಳು ಅದನ್ನು ನಮಗಿಂತ ಬೇಗ ಕಲಿತರು.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಲ್ಲಿನ ರೈತರು ಆನೆ ಕಾಟ ತಾಳಲಾರದೆ ಸರ್ಕಾರಕ್ಕೆ ದೂರು ಕೊಟ್ಟರು. 1919ರಲ್ಲಿ ಬೇಟೆಗಾರನೊಬ್ಬನನ್ನು ನೇಮಿಸಿ ನೂರಕ್ಕೂ ಹೆಚ್ಚು ಆನೆ ಕೊಲ್ಲಿಸಿದರು. 1931ರಲ್ಲಿ ಉದ್ಯಾನ ಮಾಡುವಾಗ ಉಳಿದಿದ್ದದ್ದು ಹನ್ನೊಂದು. ಈಗ ಆರುನೂರಕ್ಕೂ ಹೆಚ್ಚು. ಆ ಕೆಲವೇ ಆನೆಗಳ ಸಂತಾನವಾದ್ದರಿಂದ ಅಲ್ಲಿನ ಹೆಣ್ಣಾನೆಗಳಲ್ಲಿ ಹೆಚ್ಚಿನವಕ್ಕೆ ದಂತವಿಲ್ಲ. ಆಫ್ರಿಕಾದ ಹೆಣ್ಣಾನೆಗೆ ಸಾಮಾನ್ಯವಾಗಿ ದಂತ ಇರುತ್ತದೆ. ಸಕ್ರೆಬೈಲು, ಕಬಿನಿ ನೋಡಿ ಬೆಳೆದ ನನ್ನ ಮಗಳಿಗೆ ಇದರಲ್ಲಿ ವಿಶೇಷ ಏನೂ ಕಾಣಲಿಲ್ಲ. 'ಹೆಣ್ಣಾನೆಗೆ ದಂತ ಎಲ್ಲಿರುತ್ತೆ ಅಪ್ಪಾ' ಅಂತ ನನಗೇ ಪಾಠ ಮಾಡಿದಳು.

ಆಡೊದಲ್ಲಿ ಮಕ್ಕಳಿಗೆ ಆನೆಗಿಂತ ಹೆಚ್ಚು ಹಿಡಿಸಿದ್ದು ಸಗಣಿ ಹುಳು. ರಸ್ತೆ ಬದಿಯಲ್ಲಿ ಬೋರ್ಡೇ ಇದೆ: ಸಗಣಿ ಹುಳುವಿಗೆ ದಾರಿ ಬಿಡಿ, ಲದ್ದಿಯ ಮೇಲೆ ಗಾಡಿ ಹತ್ತಿಸಬೇಡಿ. ಹಾರಲು ಬಾರದ ಹುಳು ಅದು. ಲದ್ದಿಯನ್ನು ಉಂಡೆ ಕಟ್ಟಿ, ತಲೆ ಕೆಳಗೆ ಮಾಡಿ, ಹಿಂಗಾಲಲ್ಲಿ ಒದೆಯುತ್ತಾ ಹಿಮ್ಮುಖವಾಗಿ ಉರುಳಿಸಿಕೊಂಡು ಡಾಂಬರು ರಸ್ತೆ ದಾಟುತ್ತದೆ. ಉಂಡೆ ಜಾರಿ ಹಿಂದಕ್ಕೆ ಉರುಳುತ್ತದೆ, ಹುಳುವೂ ಪಲ್ಟಿ ಹೊಡೆಯುತ್ತದೆ, ಎದ್ದು ಮತ್ತೆ ಶುರು. ಅದು ದಾಟುವವರೆಗೆ ಎಂಜಿನ್ ಆಫ್ ಮಾಡಿ ಕೂತೆವು. ಹಿಂದೆ ಬಂದ ಕಾರಿನವರು ಎದುರಿಗೆ ಸಿಂಹ ಇದೆ ಅಂದುಕೊಂಡು ಬೈನಾಕ್ಯುಲರ್ ತೆಗೆದರು ಪಾಪ.

ಇದು ಸಾಧ್ಯವಾದದ್ದು ಕಾರು ನಮ್ಮದೇ ಆಗಿದ್ದರಿಂದ, ಅಂದರೆ ಬಾಡಿಗೆಯದು. ಏಜೆಂಟರು ಹೇಳದೇ ಬಿಡುವ ವಿಷಯ ಇದು: ಕ್ರೂಗರ್‌ನ ಗೈಡೆಡ್ ಸಫಾರಿ ಗಾಡಿಗೆ ಆರು ವರ್ಷದೊಳಗಿನ ಮಕ್ಕಳನ್ನು ಹತ್ತಿಸುವುದಿಲ್ಲ. ಎಷ್ಟೋ ಖಾಸಗಿ ಲಾಡ್ಜ್‌ಗಳಲ್ಲೂ ಇಂಥದ್ದೇ ನಿಯಮ. ದುಡ್ಡು ಸುರಿದು ಹೋಗಿ, ಅಪ್ಪ ಬೆಳಗ್ಗೆ, ಅಮ್ಮ ಸಂಜೆ ಅಂತ ಸರದಿಯಲ್ಲಿ ಕಾಡು ನೋಡಿ ಬಂದವರನ್ನು ಬಲ್ಲೆ. ಸ್ವಂತ ಗಾಡಿಗೆ ಆ ನಿರ್ಬಂಧವಿಲ್ಲ. ಅಲ್ಲಿ ನಮ್ಮ ಹಾಗೆ ಎಡಗಡೆಯೇ ಓಡಿಸೋದು, ರಸ್ತೆಗಳು ಚೆನ್ನಾಗಿವೆ. ಲೈಸೆನ್ಸ್ ಜೊತೆಗೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ. ಮೂರು ವರ್ಷದೊಳಗಿನ ಮಗುವಿಗೆ ಕಾರ್ ಸೀಟ್ ಕಾನೂನಿನಲ್ಲೇ ಕಡ್ಡಾಯ, ಅದಕ್ಕಿಂತ ದೊಡ್ಡ ಮಕ್ಕಳಿಗೂ ಹಾಕಿಸಿ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಹೋಗುವ ನಮ್ಮ ಬೆಂಗಳೂರು ಚಾಳಿಯನ್ನು ಏರ್‌ಪೋರ್ಟಲ್ಲೇ ಬಿಟ್ಟು ಹೋಗಿ. (ವಾಪಸ್ ಬಂದ ಮೇಲೂ ತೆಗೆದುಕೊಳ್ಳಬೇಡಿ.) ಕಾಡೊಳಗೆ ಗೊತ್ತುಪಡಿಸಿದ ಜಾಗ ಬಿಟ್ಟು ಬೇರೆಲ್ಲೂ ಇಳಿಯುವಂತಿಲ್ಲ. ಹೊರಡುವ ಮುಂಚೆ ಎಲ್ಲರನ್ನೂ ಬಾತ್‌ರೂಮಿಗೆ ಕಳಿಸಿ, ಬೇಡ ಅಂದವರನ್ನೂ.

ಸಮಯದ ವ್ಯತ್ಯಾಸ ಮೂರೂವರೆ ಗಂಟೆ. ಇಲ್ಲಿ ಏಳೂವರೆಗೆ ಏಳುವ ಮಗು ಅಲ್ಲಿ ನಾಲ್ಕಕ್ಕೇ ಎದ್ದು ಕೂರುತ್ತದೆ. ಬೇರೆ ದೇಶದಲ್ಲಾದರೆ ಶಿಕ್ಷೆ, ಅಲ್ಲಿ ವರ. ಉದ್ಯಾನದ ಗೇಟು ತೆರೆಯುವ ಹೊತ್ತಿಗೆ ನೀವೇ ಮೊದಲು.

ಆಡೊಗೆ ಕಿತ್ತಳೆ, ಮೂಸಂಬಿ, ನಿಂಬೆ ಒಯ್ಯಬೇಡಿ. ಹಿಂದೆ ಅಲ್ಲಿ ಆನೆಗಳನ್ನು ಬೇಲಿಯೊಳಗೆ ಉಳಿಸಿಕೊಳ್ಳಲು ಕಿತ್ತಳೆ ಸುರಿಯುತ್ತಿದ್ದರು. ವಾಸನೆಗೆ ಅವು ಕಾರುಗಳ ಮೇಲೇ ಬೀಳತೊಡಗಿದವು. ಈಗ ಉದ್ಯಾನದೊಳಗೆ ಈ ಜಾತಿಯ ಹಣ್ಣು ತರುವುದೇ ನಿಷಿದ್ಧ.

ಅಲ್ಲಿಂದ ಪಶ್ಚಿಮಕ್ಕೆ ಎನ್2 ಹೆದ್ದಾರಿ ಹಿಡಿದು ನಿಧಾನವಾಗಿ ಕೇಪ್‌ಟೌನ್ ಕಡೆ ಹೋಗಬಹುದು. ಚಿತ್ಸಿಕಾಮಾ ಉದ್ಯಾನದಲ್ಲಿ ನಿಲ್ಲಿ. ಸ್ಟಾರ್ಮ್ಸ್ ನದಿ ಸಮುದ್ರ ಸೇರುವ ಕಡೆ ತೂಗುಸೇತುವೆ ಇದೆ, ಮರದ ಹಾದಿಯಲ್ಲಿ ಒಂದು ಕಿಲೋಮೀಟರಿನಷ್ಟು, ಪುಟ್ಟ ಕಾಲುಗಳಿಗೆ ಸರಿಯಾದ ನಡಿಗೆ. ಅಲ್ಲಿ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಡ್ಯಾಸಿ ಅನ್ನೋ ಮೊಲದಷ್ಟು ಪ್ರಾಣಿ ಆನೆಯ ಹತ್ತಿರದ ಸಂಬಂಧಿ ಅಂದರೆ ಮಕ್ಕಳು ನಂಬುವುದಿಲ್ಲ. ಕೇಪ್‌ಟೌನಿನಲ್ಲಿ ಟೇಬಲ್ ಮೌಂಟನ್ ಕೇಬಲ್ ಕಾರು ಗಾಳಿ ಜೋರಾದರೆ ನಿಂತುಬಿಡುತ್ತದೆ. ಆದ್ದರಿಂದ ಆಕಾಶ ತಿಳಿಯಾಗಿದ್ದ ಮೊದಲ ದಿನವೇ ಹತ್ತಿಬಿಡಿ. ಬೌಲ್ಡರ್ಸ್ ಬೀಚಿನ ಪೆಂಗ್ವಿನ್‌ಗಳು ಕತ್ತೆಯ ಹಾಗೆ ಅರಚುತ್ತವೆ. ಈ ಜಾತಿ 2024ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು, ನಮ್ಮ ಮಕ್ಕಳು ದೊಡ್ಡವರಾಗುವ ಹೊತ್ತಿಗೆ ನಿಸರ್ಗದಲ್ಲಿ ಎಷ್ಟು ಉಳಿದಿರುತ್ತವೋ.

ಕಾಗದಪತ್ರದ ಕಥೆ. ಮಗುವಿನ ವೀಸಾಕ್ಕೆ ಅಪ್ಪ-ಅಮ್ಮ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರ ಬೇಕು. ನಮ್ಮಲ್ಲಿ ಎಷ್ಟೋ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ, ಏಕೆಂದರೆ ನಾಮಕರಣಕ್ಕೆ ಮೊದಲೇ ನೋಂದಣಿ ಆಗಿರುತ್ತದೆ. ಇವತ್ತೇ ತೆಗೆದು ನೋಡಿ. ಜೊತೆಗೆ ನಮ್ಮ ಇನಿಷಿಯಲ್ ತಲೆನೋವು: ಪಾಸ್‌ಪೋರ್ಟಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿರುತ್ತಾರೆ, ಪ್ರಮಾಣಪತ್ರದಲ್ಲಿ ಬರೀ ಎರಡಕ್ಷರ. ಸರಿಪಡಿಸಲು ಪಾಲಿಕೆ ಕಚೇರಿಗೆ ಎಷ್ಟು ಸಲ ಅಲೆಯಬೇಕಾಗುತ್ತದೋ ಗೊತ್ತಿಲ್ಲ, ಅದಕ್ಕೇ ಟಿಕೆಟ್‌ಗಿಂತ ಮೊದಲು ಇದನ್ನು ಮುಗಿಸಿ. ಮಕ್ಕಳ ಜೊತೆ ಒಬ್ಬರೇ ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರವೂ ಇರಲಿ.

ಟಿಕೆಟ್ ಅಂದಾಗ ನೆನಪಾಯಿತು. ಅಡಿಸ್ ಅಬಾಬಾ, ನೈರೋಬಿ ಮೂಲಕ ಅಗ್ಗಕ್ಕೆ ಸಿಗಬಹುದು. ಆದರೆ ಇಥಿಯೋಪಿಯಾ, ಕೀನ್ಯಾ ಹಳದಿ ಜ್ವರದ (ಯೆಲ್ಲೋ ಫೀವರ್) ದೇಶಗಳು. ವಾಪಸ್ ಬರುವಾಗ ಲಸಿಕೆ ಕಾರ್ಡಿಲ್ಲದಿದ್ದರೆ ನಮ್ಮ ಏರ್‌ಪೋರ್ಟಲ್ಲೇ ತೊಂದರೆಯಾಗಬಹುದು, ನಿಯಮದ ಪ್ರಕಾರ ಆರು ದಿನದವರೆಗೆ ಕ್ವಾರಂಟೈನ್. ಒಂಬತ್ತು ತಿಂಗಳೊಳಗಿನ ಕೂಸಿಗಂತೂ ಸಾಮಾನ್ಯವಾಗಿ ಆ ಲಸಿಕೆ ಕೊಡುವುದಿಲ್ಲ. ದುಬೈ, ದೋಹಾ ದಾರಿ ಹಿಡಿದರೆ ಈ ರಗಳೆ ಇಲ್ಲ.

ಊಟದ ಬಗ್ಗೆ ಹೆದರಬೇಡಿ. ಉದ್ಯಾನಗಳ ಕಾಟೇಜುಗಳಲ್ಲಿ ಬಹಳಷ್ಟಕ್ಕೆ ಅಡುಗೆಮನೆ ಇರುತ್ತದೆ, ಸೂಪರ್ ಮಾರ್ಕೆಟಲ್ಲಿ ಅಕ್ಕಿ, ಬೇಳೆ, ಮೊಸರು ಸಿಗುತ್ತದೆ. ಅಲ್ಲಿನವರ ಪ್ಯಾಪ್ ಅನ್ನೋ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಅಂಬಲಿ ನಮ್ಮ ಮುದ್ದೆಯ ಬಿಳಿ ತಮ್ಮನಂತಿದೆ, ಬಿಸಿ ಸಾರು ಹಾಕಿಕೊಟ್ಟರೆ ಮಂಡ್ಯದ ಮಗು ಗೊಣಗದೆ ನುಂಗುತ್ತದೆ.

ಅಪರಾಧದ ಬಗ್ಗೆ ಎಲ್ಲರೂ ಕೇಳುತ್ತಾರೆ. ಭಯ ಸುಳ್ಳಲ್ಲ. ಕತ್ತಲಾದ ಮೇಲೆ ಕಾರು ಓಡಿಸಬೇಡಿ, ಸಿಗ್ನಲ್‌ನಲ್ಲಿ ಗಾಜು ಮೇಲಿರಲಿ, ಸೀಟಿನ ಮೇಲೆ ಬ್ಯಾಗ್, ಫೋನ್ ಕಾಣದಿರಲಿ. ಜೋಹಾನ್ಸ್‌ಬರ್ಗಿನಲ್ಲಿ ಉಳಿಯದೆ ಮುಂದಿನ ವಿಮಾನ ಹತ್ತುವುದೇ ಮಕ್ಕಳಿದ್ದವರಿಗೆ ವಾಸಿ.

ಮುಂದಿನ ದಸರೆಗೆ ಯೋಚಿಸುತ್ತಿದ್ದರೆ ಮೊದಲು ಉದ್ಯಾನದ ಕಾಟೇಜ್ ನೋಡಿ, ಆಮೇಲೆ ವಿಮಾನ. ಅಡುಗೆಮನೆ ಇರುವ ಕಾಟೇಜುಗಳು ಎಷ್ಟೋ ತಿಂಗಳು ಮುಂಚೆಯೇ ಖಾಲಿಯಾಗಿಬಿಡುತ್ತವೆ. ಅಜ್ಜಿ-ತಾತ ಬರುತ್ತೇವೆಂದರೆ ಖಂಡಿತ ಕರೆದುಕೊಂಡು ಹೋಗಿ, ಆದರೆ ಆಗ ಕಾರು ಏಳು ಸೀಟಿನದ್ದೇ ಇರಲಿ.