ನಲ್ಲಿ ತಿಕ್ಕುವ ಶೂರರು

ಮನೆಗೆ ಬರುವ ನೆಂಟರಲ್ಲಿ ಎರಡು ಬಗೆ. ಬಂದವರೇ ಸೋಫಾದಲ್ಲಿ ಕೂತು ಟೀವಿ ರಿಮೋಟ್ ಹುಡುಕುವವರು ಒಂದು ಬಗೆ. ಬಚ್ಚಲಿಗೆ ಹೋಗಿ, ನಲ್ಲಿಯ ಮೇಲೆ ಬೆರಳಾಡಿಸಿ, "ಇದನ್ನ ತಿಕ್ಕಿ ಎಷ್ಟು ದಿನ ಆಯ್ತು?" ಅಂತ ಕೇಳುವವರು ಇನ್ನೊಂದು ಬಗೆ. ನಮ್ಮ ಚಿಕ್ಕಪ್ಪ ಎರಡನೆಯವರು. ಕೇಳಿ ಸುಮ್ಮನಾಗಿದ್ದರೆ ಚಿಂತೆ ಇರಲಿಲ್ಲ. ತೋಳು ಮಡಚಿ ಕೆಲಸಕ್ಕೇ ಇಳಿದುಬಿಟ್ಟರು.

ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ ಪ್ಯಾಡ್, ಮೇಲೆ ಒಂದು ಹಿಡಿ ಪುಡಿ. ಬಾಗಿಲಾಚೆ ನಿಂತ ನಮಗೆ ಬರ್ರ ಬರ್ರ ಸದ್ದು ಮಾತ್ರ ಕೇಳಿಸುತ್ತಿತ್ತು. ಹೊರಗೆ ಬಂದಾಗ ನಲ್ಲಿ ನಿಜಕ್ಕೂ ಫಳಫಳ ಅನ್ನುತ್ತಿತ್ತು, ನೀರು ಒಣಗುವ ತನಕ. ಒಣಗಿದ ಮೇಲೆ ಲೈಟ್ ಹಾಕಿ ನೋಡಿದರೆ ಬೆಕ್ಕು ಪರಚಿದ ಹಾಗೆ ಮೈತುಂಬ ಗೀರು. "ಮಾಲೇ ಸರಿ ಇಲ್ಲ, ಬದಲಾಯಿಸು" ಅಂತ ತೀರ್ಪು ಕೊಟ್ಟು ಚಿಕ್ಕಪ್ಪ ಕೈ ತೊಳೆದುಕೊಂಡರು. ಅದೂ ಅದೇ ನಲ್ಲಿಯಲ್ಲಿ.

ಮಾಲು ಸರಿಯಾಗೇ ಇತ್ತು. ನಲ್ಲಿಯ ಮೈಮೇಲಿನ ಲೇಪ ಕ್ರೋಮ್, ಉಕ್ಕಿಗಿಂತ ಗಡಸು ಲೋಹ. ಆದರೆ ನಲ್ಲಿಯ ಮೇಲೆ ಅದು ಇರೋದು ಎಷ್ಟು? ಸಾಮಾನ್ಯವಾಗಿ ಅರ್ಧ ಮೈಕ್ರಾನ್ ಆಸುಪಾಸು, ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಂದರೆ ಇಂಥ ಸುಮಾರು 140 ಪದರ ಸೇರಿದರೆ ಒಂದು ಕೂದಲು. (ಅಳತೆ ತೋರಿಸೋಣ ಅಂದರೆ ಚಿಕ್ಕಪ್ಪನ ತಲೆಯಲ್ಲಿ ಅದಕ್ಕೂ ಬರ.) ಅದರ ಕೆಳಗೆ ನಿಕಲ್, ಅದರ ಕೆಳಗೆ ಹಿತ್ತಾಳೆಯೋ ಸತುವೋ ಪ್ಲಾಸ್ಟಿಕ್ಕೋ. ಹೊಳಪಿನ ಬಹುಪಾಲು ನಿಕಲ್‌ನದೇ. ಅದು ಹಳದಿ ತಿರುಗದಂತೆ ಮೇಲೆ ಕ್ರೋಮ್ ಕಾವಲು. ಹಸಿರು ಪ್ಯಾಡ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಮರಳು ಕಾಗದಕ್ಕೆ ಹಾಕುವ ಅಲ್ಯೂಮಿನಿಯಂ ಆಕ್ಸೈಡ್ ಕಣ. ಕಾವಲುಗಾರ ಎಷ್ಟು ಹೊತ್ತು ತಡೆದುಕೊಂಡಾನು?

ಅಷ್ಟಕ್ಕೂ ಅವರು ಯುದ್ಧ ಮಾಡಿದ್ದು ಯಾರ ಮೇಲೆ? ಗಡಸು ನೀರು ಒಣಗಿ ಉಳಿದ ಬಿಳಿ ಕಲೆಯ ಮೇಲೆ. ಹೆಚ್ಚಾಗಿ ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಅದಕ್ಕೆ ತೋಳ್ಬಲ ಬೇಡ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ಕೆಲವೇ ನಿಮಿಷ ಸುತ್ತಿಟ್ಟರೆ ಕರಗುತ್ತದೆ. ಆಮೇಲೆ ಚೆನ್ನಾಗಿ ತೊಳೆದು ಒರೆಸಬೇಕು. ಈ "ಕೆಲವೇ ನಿಮಿಷ" ಅನ್ನೋದೇ ಯಾರ ಕಿವಿಗೂ ಬೀಳಲ್ಲ ನೋಡಿ. ಪಕ್ಕದ ಮನೆಯವರು ವಿನೆಗರ್ ಬಟ್ಟೆಗೆ ರಾತ್ರಿ ಪಾಳಿಯನ್ನೇ ಕೊಟ್ಟರು. ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಬಿಳಿ ಕಲೆ ಮಾಯ. ಹಳೇ ಗೀರುಗಳ ಸುತ್ತ ಮಾತ್ರ ಹೊಸದಾಗಿ ಮಬ್ಬು. ಆಮ್ಲ ಸಂದಿಯಲ್ಲಿ ಇಳಿದು ಕೆಳಗಿನ ಲೋಹವನ್ನೇ ವಿಚಾರಿಸಿಕೊಂಡಿತ್ತು.

ಟಾಯ್ಲೆಟ್ ಆಸಿಡ್ ಹಾಕಿ ಅಂತ ಸಲಹೆ ಕೊಡುವವರೂ ಇದ್ದಾರೆ. ಹೈಡ್ರೋಕ್ಲೋರಿಕ್ ಆಮ್ಲ ಕ್ರೋಮನ್ನೇ ಕರಗಿಸುತ್ತದೆ. ಅದಕ್ಕೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಜೀವಕ್ಕೇ ಅಪಾಯ. ಇದರಲ್ಲಿ ತಮಾಷೆ ಇಲ್ಲ.

ತಮಾಷೆ ಇದ್ದದ್ದು ಮಗನ ಸೈಕಲ್‌ನಲ್ಲಿ. ಹ್ಯಾಂಡಲ್ ಮೇಲೆ ಕಂದು ಚುಕ್ಕೆ. ಕ್ರೋಮ್‌ಗೆ ತುಕ್ಕು ಹಿಡಿಯಲ್ಲ, ಅದರ ಸಣ್ಣ ತೂತಿನಿಂದ ಒಳಗಿನ ಉಕ್ಕು ಇಣುಕುತ್ತದೆ. ಅಲ್ಯೂಮಿನಿಯಂ ಫಾಯಿಲ್ ಮುದುರಿ, ನೀರಲ್ಲಿ ಅದ್ದಿ, ಹಗುರವಾಗಿ ಉಜ್ಜು ಅಂದೆ. ಫಾಯಿಲ್ ಕ್ರೋಮ್‌ಗಿಂತ ಮೆತ್ತಗೆ, ಗೀರು ಬೀಳೋದು ಕಷ್ಟ. ಚುಕ್ಕೆ ಬೂದು ಬಣ್ಣದ ರಾಡಿಯಾಗಿ ಇಳಿದದ್ದು ನೋಡಿ ಹುಡುಗನಿಗೆ ಹುಮ್ಮಸ್ಸು ಬಂತು. ಬಾಗಿಲ ಹಿಡಿಕೆ, ಟವೆಲ್ ಸರಳು, ಕೊನೆಗೆ ಕುಕ್ಕರ್. ಮರುದಿನ ಡಬ್ಬಿ ಕಟ್ಟುವಾಗ ಹೆಂಡತಿ ಕೈಗೆ ಸಿಕ್ಕಿದ್ದು ಫಾಯಿಲ್ ಸುತ್ತಿದ್ದ ರಟ್ಟಿನ ಕೊಳವೆ. ಸೈಕಲ್ ಮಾತ್ರ ಜೋರಾಗಿತ್ತು. ಹ್ಯಾಂಡಲ್‌ನಲ್ಲಿ ಮುಖ ನೋಡಿಕೊಂಡರೆ ಮೂಗೇ ಊರಗಲ, ಕಣ್ಣೆರಡೂ ಕಿವಿಯ ಪಕ್ಕ.

ಹಿಡಿಕೆಯ ಅಂಚಲ್ಲಿ ಪದರ ಕಿತ್ತು ಬಂದಿದ್ದರೆ ಯಾವ ಪಾಲಿಶ್ಶೂ ಅದನ್ನು ವಾಪಸ್ ತರಲ್ಲ. ಮತ್ತೆ ಲೇಪ ಹಾಕಿಸಬೇಕು, ಇಲ್ಲ ಬದಲಾಯಿಸಬೇಕು.

ನನ್ನದು ಸೋಮಾರಿ ವಿಧಾನ. ಸ್ನಾನ ಆದ ಮೇಲೆ ನಲ್ಲಿಯನ್ನೂ ಒಂದು ಸಲ ಒರೆಸೋದು. ನೀರೇ ಉಳಿಯದಿದ್ದರೆ ಕಲೆ ಎಲ್ಲಿಂದ ಬರಬೇಕು? ಜಿಡ್ಡಾಗಿದ್ದರೆ ಎರಡು ಹನಿ ಪಾತ್ರೆ ಸೋಪು, ಮೆತ್ತನೆ ಬಟ್ಟೆ, ಅಷ್ಟೇ. ಮನೆಯವರಿಗೆಲ್ಲ ಇದನ್ನೇ ಹೇಳಿಕೊಟ್ಟೆ. ಈಗ ಒಬ್ಬರೂ ತಪ್ಪದೆ ಒರೆಸುತ್ತಾರೆ, ನನ್ನ ಟವೆಲ್‌ನಲ್ಲಿ.