ಲೇಡಿ ಷಾರ್ಲೆಟ್ ಓಡಿಹೋದಾಗ ಬಿಲ್ ಕಟ್ಟಿದವರು ಯಾರು?

ರೀಜೆನ್ಸಿ ಕಾಲದ, ಅಂದರೆ ಹತ್ತೊಂಬತ್ತನೇ ಶತಮಾನದ ಆರಂಭದ ಇಂಗ್ಲೆಂಡಿನ, ಸೀರಿಯಲ್ ನೋಡುವವರಿಗೆ ಹಗರಣ ಅಂದರೆ ತೋಟದ ಕತ್ತಲಲ್ಲಿ ಕದ್ದ ಮುತ್ತು. ನಿಜದಲ್ಲಿ ವಂಶಕ್ಕೊಂದು ಗಂಡುಮಗು ಹೆತ್ತುಕೊಟ್ಟ ಮೇಲೆ ದೊಡ್ಡಮನೆ ಹೆಂಗಸಿನ ಗುಟ್ಟಿನ ಸಂಬಂಧಗಳನ್ನು ಲಂಡನ್ ಬಹುಪಾಲು ಕಂಡೂ ಕಾಣದ ಹಾಗಿರುತ್ತಿತ್ತು. ಮನೆ ಬಿಟ್ಟು ಹೊರಟರೆ ಮಾತ್ರ ಕ್ಷಮೆ ಇಲ್ಲ.

ಲೇಡಿ ಷಾರ್ಲೆಟ್ ಹೊರಟೇಬಿಟ್ಟಳು. ಅರ್ಲ್ ಕಡೋಗನ್ ಮಗಳು, ಹೆನ್ರಿ ವೆಲ್ಲೆಸ್ಲಿಯ ಹೆಂಡತಿ. ಈ ಹೆನ್ರಿ ನಮಗೂ ಗೊತ್ತಿರಬೇಕಾದವನೇ: 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಹಂಚಿಕೆ ನೋಡಿಕೊಂಡ ಐವರು ಕಮಿಷನರುಗಳಲ್ಲಿ ಅವನೂ ಇದ್ದ, ಅವನಣ್ಣ ಆರ್ಥರ್, ಅಂದರೆ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದವನು, ಕೂಡ ಇದ್ದ. 1809ರ ಮಾರ್ಚ್‌ನಲ್ಲಿ ನಾಲ್ಕು ಮಕ್ಕಳನ್ನು ಬಿಟ್ಟು, ಬಾಡಿಗೆ ಸಾರೋಟು ಹತ್ತಿ ಷಾರ್ಲೆಟ್ ಹೋದದ್ದು ಲಾರ್ಡ್ ಪ್ಯಾಜೆಟ್ ಬಳಿಗೆ. ಅವನು ಅಶ್ವದಳದ ಹೆಸರಾಂತ ಸೇನಾನಿ, ಎಂಟು ಮಕ್ಕಳ ತಂದೆ.

ಆಮೇಲಿನದ್ದು ಪೂರಾ ಕಾಗದಪತ್ರದ ಕೆಲಸ. ಮರುಮದುವೆಗೆ ದಾರಿ ಬಿಡುವ ಡಿವೋರ್ಸ್ ಇಂಗ್ಲೆಂಡಿನಲ್ಲಿ ಬೇಕಿದ್ದರೆ ಮೂರು ಬಾಗಿಲು ದಾಟಬೇಕಿತ್ತು. ಮೊದಲನೆಯದು ‘ಕ್ರಿಮಿನಲ್ ಕಾನ್ವರ್ಸೇಶನ್’ ದಾವೆ. ಹೆಸರಲ್ಲಿ ಕ್ರಿಮಿನಲ್, ಸ್ವಭಾವದಲ್ಲಿ ಸಿವಿಲ್: ನನ್ನ ಸೊತ್ತಿಗೆ ನಷ್ಟವಾಯಿತು ಅಂತ ಗಂಡ ಪ್ರಿಯಕರನ ಮೇಲೆ ಹಾಕುವ ದುಡ್ಡಿನ ಕೇಸು. ಹೆಂಡತಿ ಅದರಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಸಾಕ್ಷಿ ಹೇಳುವ ಹಾಗೂ ಇಲ್ಲ. ಬದಲಿಗೆ ಮನೆ ಆಳುಗಳು, ಛತ್ರದ ಕೆಲಸದವರು ಬಂದು ಹಾಸಿಗೆಯ ಸುಕ್ಕಿನ ವರ್ಣನೆ ಕೊಡುತ್ತಿದ್ದರು. ಅದನ್ನು ಅಚ್ಚು ಹಾಕಿ ಮಾರುವವರಿಗೆ ಸುಗ್ಗಿಯೋ ಸುಗ್ಗಿ.

ಹೆನ್ರಿಗೆ ಸಿಕ್ಕಿದ್ದು ಇಪ್ಪತ್ತು ಸಾವಿರ ಪೌಂಡಿಗೆ ಕಡಿಮೆಯಿಲ್ಲದ ಪರಿಹಾರ. ಇಷ್ಟೇ ಮೊತ್ತ ಕೇಳಿ 1782ರಲ್ಲಿ ಕೋರ್ಟಿಗೆ ಹೋಗಿದ್ದ ಸರ್ ರಿಚರ್ಡ್ ವರ್ಸ್ಲಿಗೆ ಜ್ಯೂರಿ ಕೊಟ್ಟದ್ದು ಒಂದು ಶಿಲಿಂಗ್! ಹೆಂಡತಿ ಸ್ನಾನ ಮಾಡುವುದನ್ನು ಅವಳ ಪ್ರಿಯಕರ ನೋಡಲಿ ಅಂತ ಅವನೇ ಹೆಗಲು ಕೊಟ್ಟು ಕಿಟಕಿಗೆ ಎತ್ತಿದ್ದು ಸಾಕ್ಷಿಗಳಿಂದ ಹೊರಬಿತ್ತು. ಸೊತ್ತನ್ನು ತಾನೇ ಬಾಡಿಗೆಗೆ ಬಿಟ್ಟವನಿಗೆ ನಷ್ಟವೆಲ್ಲಿ ಎಂಬುದು ಜ್ಯೂರಿಯ ತರ್ಕ. ಈ ಕೇಸುಗಳು ಮುಗ್ಗರಿಸುತ್ತಿದ್ದದ್ದು ಹೆಚ್ಚಾಗಿ ಇಲ್ಲಿಯೇ, ಗಂಡನ ಸಮ್ಮತಿ ಬಯಲಾದಾಗ.

ಎರಡನೆಯದು ಚರ್ಚ್ ಕೋರ್ಟು. ಅದು ಹಾಸಿಗೆ, ಊಟ ಬೇರೆ ಮಾಡುತ್ತಿತ್ತೇ ಹೊರತು ಮರುಮದುವೆಗೆ ಬಿಡುತ್ತಿರಲಿಲ್ಲ. ಅದಕ್ಕೆ ಮೂರನೆಯದು, ಆ ಒಬ್ಬ ಗಂಡನಿಗೋಸ್ಕರ ಪಾರ್ಲಿಮೆಂಟಿನಲ್ಲಿ ಒಂದು ಖಾಸಗಿ ಕಾಯ್ದೆ. 1809ರಲ್ಲಿ ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆ ಒಂದು ನಿಯಮ ಮಾಡಿತು: ತಪ್ಪಿತಸ್ಥರು, ಅಂದರೆ ಹೆಂಡತಿ ಮತ್ತು ಪ್ರಿಯಕರ, ಪರಸ್ಪರ ಮದುವೆಯಾಗಬಾರದು ಎಂಬ ಕಲಮು ಪ್ರತಿ ಡಿವೋರ್ಸ್ ಬಿಲ್ಲಿನಲ್ಲೂ ಇರಲೇಬೇಕು. ಇರುತ್ತಿತ್ತು, ಬಿಲ್ ಪಾಸಾಗುವ ಮುಂಚೆ ಸಾಮಾನ್ಯವಾಗಿ ಅದನ್ನು ಹೊಡೆದುಹಾಕುತ್ತಿದ್ದರು. ಹೆನ್ರಿಯ ಕಾಯ್ದೆ 1810ರ ಆರಂಭದಲ್ಲಿ ಆಯಿತು.

ಪ್ಯಾಜೆಟ್‌ನ ಹೆಂಡತಿ ಕ್ಯಾರೊಲಿನ್ ಪಾಡೇನು? ಡಿವೋರ್ಸ್ ಪಡೆಯಲು ಗಂಡನ ಹಾದರವೊಂದೇ ಇಂಗ್ಲಿಷ್ ಹೆಂಡತಿಗೆ ಸಾಕಾಗುತ್ತಿರಲಿಲ್ಲ. 1857ರವರೆಗೆ ಇಂಥ ಕಾಯ್ದೆ ಮಾಡಿಸಿಕೊಂಡ ಹೆಂಗಸರು ನಾಲ್ಕೇ ಜನ. ಸ್ಕಾಟ್ಲೆಂಡಿನಲ್ಲಿ ಮಾತ್ರ ಗಂಡಹೆಂಡಿರಿಬ್ಬರಿಗೂ ಒಂದೇ ಕಾನೂನು. ಹಾಗಾಗಿ ಡಿವೋರ್ಸನ್ನು ಅಲ್ಲಿಂದಲೇ ತಂದರು. ಅದೇ 1810ರಲ್ಲಿ ಕ್ಯಾರೊಲಿನ್ ಡ್ಯೂಕ್ ಆಫ್ ಆರ್ಗೈಲ್‌ನನ್ನು, ಷಾರ್ಲೆಟ್ ಪ್ಯಾಜೆಟ್‌ನನ್ನು ಮದುವೆಯಾದರು. ತಮಾಷೆ ಅಂದರೆ ಕ್ಯಾರೊಲಿನ್‌ಳ ತಾಯಿ, ಕೌಂಟೆಸ್ ಆಫ್ ಜರ್ಸಿ, ಪ್ರಿನ್ಸ್ ಆಫ್ ವೇಲ್ಸ್‌ನ ಉಪಪತ್ನಿಯಾಗಿದ್ದುಕೊಂಡೇ ಅವನ ಹೆಂಡತಿಯ ಅಂತಃಪುರದಲ್ಲಿ ಹುದ್ದೆ ಹಿಡಿದವಳು. ಆಕೆ ಗಂಡನ ಮನೆ ಬಿಟ್ಟಿರಲಿಲ್ಲ ನೋಡಿ.

ನಡುವೆ ಷಾರ್ಲೆಟ್‌ಳ ಸೋದರ ವಿಂಬಲ್ಡನ್ ಬಯಲಿನಲ್ಲಿ ಪ್ಯಾಜೆಟ್ ಜೊತೆ ಪಿಸ್ತೂಲಿನ ದ್ವಂದ್ವಕ್ಕೂ ನಿಂತ. ಯಾರಿಗೂ ಗುಂಡು ತಾಗಲಿಲ್ಲ.

ಗಂಡಸರ ನಷ್ಟ ಹಣದಲ್ಲಿ ಮುಗಿಯಿತು. ಪ್ಯಾಜೆಟ್ 1815ರಲ್ಲಿ ವಾಟರ್‌ಲೂನಲ್ಲಿ ವೆಲಿಂಗ್ಟನ್ ಕೈಕೆಳಗೇ ಅಶ್ವದಳ ನಡೆಸಿ, ಕಾಲು ಕಳೆದುಕೊಂಡು, ಮಾರ್ಕ್ವೆಸ್ ಪದವಿ ಪಡೆದ. ಹೆನ್ರಿ ಸ್ಪೇನಿಗೆ ರಾಯಭಾರಿಯಾದ, ಮತ್ತೆ ಮದುವೆಯೂ ಆದ. ಷಾರ್ಲೆಟ್ ಮಾರ್ಕ್ವೆಸ್‌ನ ಹೆಂಡತಿಯಾದರೂ ಮರ್ಯಾದಸ್ಥರ ಎಷ್ಟೋ ಮನೆಗಳ ಬಾಗಿಲು ತೆರೆಯಲಿಲ್ಲ. ಹಳೇ ಮಕ್ಕಳ ಮೇಲೆ ಕಾನೂನಿನಲ್ಲಿ ಹಕ್ಕು ತಂದೆಯದೇ. ತಾಯಿ ಅರ್ಜಿಯನ್ನಾದರೂ ಹಾಕಲು 1839ರ ಕಾಯ್ದೆ ಬರಬೇಕಾಯಿತು, ಅದೂ ಹಾದರ ಸಾಬೀತಾದವಳಿಗೆ ಇಲ್ಲ.

ಆ ದುಡ್ಡಿನ ದಾವೆಯನ್ನು ಇಂಗ್ಲೆಂಡ್ 1857ರಲ್ಲಿ ಹಳೇ ರೂಪದಲ್ಲಿ ಕೈಬಿಟ್ಟರೂ ಪ್ರಿಯಕರನಿಂದ ಪರಿಹಾರ ಕೇಳುವ ಹಕ್ಕನ್ನು ಡಿವೋರ್ಸ್ ಕಾನೂನಿನೊಳಗೆ ಉಳಿಸಿಕೊಂಡಿತು. ಅದೇ ಅಚ್ಚಿನಲ್ಲಿ ಬಂದ ನಮ್ಮ 1869ರ ಕ್ರೈಸ್ತ ವಿಚ್ಛೇದನ ಕಾಯ್ದೆಯಲ್ಲಿದ್ದ ಅಂಥದೇ ಪರಿಹಾರದ 34ನೇ ಕಲಮನ್ನು ತೆಗೆದದ್ದು 2001ರಲ್ಲಿ.